ಅಂತರಿಕ್ಷ ದೂರದರ್ಶಕಗಳ ನಿರ್ಮಾಣದಲ್ಲಿ ಸರ್ಕಾರದ ಕರಾರುಗಳು

ಭಟ್ಕಳದ ಸಮೀಪದ ತೆಂಗಿನಗುಂಡಿ ಬಂದರಿನಲ್ಲಿ ಮೀನುಗಾರನೊಬ್ಬನು ಹೊಸ ದೋಣಿಯೊಂದನ್ನು ಮಾಡಿಸಲು ಹೊರಟಿರುವನೆಂದು ಭಾವಿಸೋಣ. ಅವನು ಬಡಗಿಯೊಡನೆ ಬೆಲೆಯನ್ನು ಗೊತ್ತುಮಾಡಿಕೊಂಡು ಮುಂಗಡ ಕೊಡುವನು. ಅಡಿಮರ ಕೂಡಿದಾಗ ಒಮ್ಮೆ, ಹಲಗೆಗಳು ಏರಿದಾಗ ಇನ್ನೊಮ್ಮೆ ಹೋಗಿ ಕಣ್ಣಾರೆ ನೋಡುವನು. ಕೊನೆಗೆ ದೋಣಿಯನ್ನು ನೀರಿಗಿಳಿಸಿ, ಎಲ್ಲಿಯಾದರೂ ನೀರು ಒಸರಿದರೆ ಮತ್ತೆ ದಡಕ್ಕೆ ಎಳೆತಂದು ಆ ಬಡಗಿಯಿಂದಲೇ ಸರಿಮಾಡಿಸುವನು. ಈ ವ್ಯವಹಾರಕ್ಕೆ ಕಾಗದಪತ್ರಗಳು ಹೆಚ್ಚು ಬೇಕಾಗುವುದಿಲ್ಲ. ಏಕೆಂದರೆ, ಕೊಳ್ಳುವವನಿಗೆ ಸರಕಿನ ಗುಣದೋಷಗಳು ತಿಳಿದಿವೆ. ತಿಳಿಯದೆ ಉಳಿದುದನ್ನು ಸಮುದ್ರವೇ ತೋರಿಸಿಕೊಡುತ್ತದೆ. ತೋರಿದ ದೋಷವನ್ನು ತಿದ್ದಲು ದಡವು ಹತ್ತಿರದಲ್ಲಿದೆ. ಅಂತರಿಕ್ಷಕ್ಕೆ ಕಳುಹಿಸುವ ದೂರದರ್ಶಕದ ವಿಷಯದಲ್ಲಿ ಈ ಮೂರು ಅನುಕೂಲಗಳಲ್ಲಿ ಒಂದೂ ಸಾಮಾನ್ಯವಾಗಿ ದೊರೆಯುವುದಿಲ್ಲ. ಅಂತಹ ವಸ್ತುವನ್ನು ಸಾರ್ವಜನಿಕರ ಹಣದಿಂದ ಮಾಡಿಸಬೇಕಾದ ಸರ್ಕಾರವು ಯಾವ ಬಗೆಯ ಕರಾರನ್ನು ಮಾಡಿಕೊಳ್ಳಬೇಕು, ನಮ್ಮ ನಾಡಿನಲ್ಲಿ ಅದು ಹೇಗೆ ನಡೆದಿದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ದೂರದರ್ಶಕಗಳು ಕಂಡುಹಿಡಿದ ಸಂಗತಿಗಳನ್ನು ನಮ್ಮ ಪಠ್ಯಗಳು ಹೇಳುತ್ತವೆ. ಅವನ್ನು ಯಾರು, ಯಾವ ಷರತ್ತಿನ ಮೇಲೆ ಕಟ್ಟಿದರೆಂಬುದನ್ನು ಹೇಳುವುದಿಲ್ಲ.

ಮೊದಲು ಕರಾರಿನ ಬಗೆಗಳನ್ನು ನೋಡೋಣ. ಒಂದು, ನಿಶ್ಚಿತ ಬೆಲೆಯ ಕರಾರು: ಇಷ್ಟು ಹಣಕ್ಕೆ ಇಂತಹ ವಸ್ತು, ನಷ್ಟವಾದರೆ ಅದು ಮಾಡುವವನ ತಲೆಯ ಮೇಲೆ. ಇನ್ನೊಂದು, ವೆಚ್ಚ ಭರ್ತಿಯ ಕರಾರು: ಕೆಲಸಕ್ಕೆ ನ್ಯಾಯವಾಗಿ ತಗುಲಿದ ವೆಚ್ಚವನ್ನೆಲ್ಲ ಸರ್ಕಾರವು ತೆತ್ತು, ಮೇಲೆ ಒಂದು ಪ್ರತಿಫಲವನ್ನು ಕೊಡುವುದು. ಹಿಂದೆಂದೂ ಮಾಡಿರದ ವಸ್ತುವಿಗೆ ಮೊದಲೇ ಬೆಲೆ ಹೇಳುವುದು ಯಾರಿಂದಲೂ ಆಗದು. ಆದುದರಿಂದ ದೊಡ್ಡ ದೂರದರ್ಶಕಗಳು ಬಹುಮಟ್ಟಿಗೆ ಎರಡನೆಯ ಬಗೆಯಲ್ಲಿಯೇ ನಿರ್ಮಾಣವಾಗಿವೆ. ಅಮೆರಿಕದ ನಾಸಾ ಸಂಸ್ಥೆಯು ಮುಂದೆ ವೆಬ್ ಎಂಬ ಹೆಸರು ಪಡೆದ ದೂರದರ್ಶಕಕ್ಕಾಗಿ 2002ರಲ್ಲಿ ಟಿ.ಆರ್.ಡಬ್ಲ್ಯು. ಕಂಪೆನಿಗೆ ಕೊಟ್ಟ ಮುಖ್ಯ ಕರಾರಿನ ಮೊತ್ತ 82 ಕೋಟಿ 48 ಲಕ್ಷ ಡಾಲರು. ಅದು 2021ರ ಡಿಸೆಂಬರ್ 25ರಂದು ಮೇಲೇರುವ ಹೊತ್ತಿಗೆ ಇಡೀ ಯೋಜನೆಯ ವೆಚ್ಚವು ಸುಮಾರು 1,000 ಕೋಟಿ ಡಾಲರಿಗೆ ಮುಟ್ಟಿತ್ತು.

ಆದರೆ ಹಣಕ್ಕಿಂತಲೂ ಗಹನವಾದ ಪ್ರಶ್ನೆಯೊಂದಿದೆ. ಅದನ್ನು ತಿಳಿಯಲು ಹಬಲ್ ದೂರದರ್ಶಕದ ಕಥೆಯನ್ನು ನೆನೆಯಬೇಕು. ಅದರ 2.4 ಮೀಟರು ವ್ಯಾಸದ ಮುಖ್ಯ ದರ್ಪಣದ ಕರಾರನ್ನು 1977ರಲ್ಲಿ ಪರ್ಕಿನ್-ಎಲ್ಮರ್ ಕಂಪೆನಿಗೆ ಕೊಡಲಾಯಿತು. ದರ್ಪಣದ ಮೈಯನ್ನು ಅಳೆಯಲು ಆ ಕಂಪೆನಿಯವರು ಬಹು ಸೂಕ್ಷ್ಮವಾದ ಪರೀಕ್ಷಾಯಂತ್ರವೊಂದನ್ನು ರಚಿಸಿಕೊಂಡಿದ್ದರು. ಆ ಯಂತ್ರದೊಳಗಿನ ಮಸೂರವೊಂದು ಇರಬೇಕಾದ ಸ್ಥಾನದಿಂದ 1.3 ಮಿಲಿಮೀಟರು ಸರಿದಿತ್ತು. ತಪ್ಪು ಕೋಲಿನಿಂದ ಅಳೆದು ಸರಿಯಾಗಿ ಉಜ್ಜಿದಂತಾಯಿತು: ದರ್ಪಣದ ಅಂಚು ಸುಮಾರು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅಷ್ಟು ಸೂಕ್ಷ್ಮವಲ್ಲದ ಬೇರೆ ಪರೀಕ್ಷೆಗಳು ಈ ದೋಷವನ್ನು ಆಗಲೇ ತೋರಿಸಿದ್ದವು. ಅವು ಒರಟು ಪರೀಕ್ಷೆಗಳೆಂದು ಹೇಳಿ ಅವುಗಳ ಸಾಕ್ಷ್ಯವನ್ನು ಬದಿಗಿರಿಸಲಾಯಿತು. 1990ರ ಏಪ್ರಿಲಿನಲ್ಲಿ ದೂರದರ್ಶಕವು ಮೇಲೇರಿದ ಕೆಲವೇ ವಾರಗಳಲ್ಲಿ ಬಿಂಬಗಳು ಮಸುಕಾಗಿರುವುದು ಕಂಡುಬಂದಿತು. ಲ್ಯೂ ಆಲೆನ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಲಿಯು ಅದೇ ವರ್ಷದ ನವೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಕಂಪೆನಿಯ ತಪ್ಪನ್ನು ಹೇಳಿದ್ದಲ್ಲದೆ, ಒಂದೇ ಪರೀಕ್ಷೆಯನ್ನು ನಂಬಿ ಕುಳಿತ, ಮೇಲ್ವಿಚಾರಣೆಯಲ್ಲಿ ಹಿಂದೆಬಿದ್ದ ನಾಸಾದ ತಪ್ಪನ್ನೂ ಹೇಳಿತು.

1993ರಲ್ಲಿ ಪರ್ಕಿನ್-ಎಲ್ಮರ್ ಕಂಪೆನಿಯೂ, ಅದರ ದೃಗ್ವಿಭಾಗವನ್ನು ಕೊಂಡಿದ್ದ ಹ್ಯೂಸ್ ಕಂಪೆನಿಯೂ ಸೇರಿ ಅಮೆರಿಕದ ಸರ್ಕಾರಕ್ಕೆ 2 ಕೋಟಿ 50 ಲಕ್ಷ ಡಾಲರುಗಳನ್ನು ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡವು. ಅದೇ ವರ್ಷದ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ ದೋಷವನ್ನು ತಿದ್ದುವ ಉಪಕರಣಗಳನ್ನು ಜೋಡಿಸಿದರು. ಆ ಯಾತ್ರೆಯ ವೆಚ್ಚದ ಮುಂದೆ ಈ ಪರಿಹಾರಧನವು ಲೆಕ್ಕಕ್ಕೇ ಬಾರದು. ಹೀಗಾಗಿ, ಅಂತರಿಕ್ಷ ಉಪಕರಣದ ಕರಾರಿನಲ್ಲಿ ಸರ್ಕಾರವು ಕೊಳ್ಳುವುದು ನಿಜವಾಗಿ ಗಾಜನ್ನಲ್ಲ, ಲೋಹವನ್ನಲ್ಲ. ಆ ವಸ್ತುವು ಹೇಳಿದಂತೆ ಕೆಲಸ ಮಾಡುವುದೆಂಬುದಕ್ಕೆ ಪುರಾವೆಯನ್ನು. ಕಂಪನ ಪರೀಕ್ಷೆ, ನಿರ್ವಾತದಲ್ಲಿ ಶಾಖ-ಶೈತ್ಯಗಳ ಪರೀಕ್ಷೆ, ಅಳತೆಯ ದಾಖಲೆ, ವಿಮರ್ಶಕರ ಸಭೆ ಇವೆಲ್ಲ ಆ ಪುರಾವೆಯ ಅಂಗಗಳು. ಪುರಾವೆಯನ್ನು ಓದಬಲ್ಲ ತಜ್ಞರು ಕೊಳ್ಳುವವನ ಪಕ್ಷದಲ್ಲಿ ಇಲ್ಲದಿದ್ದರೆ ಎಷ್ಟು ಬಿಗಿಯಾಗಿ ಬರೆದ ಕರಾರೂ ನಿಷ್ಫಲ. ತೆಂಗಿನಗುಂಡಿಯ ಮೀನುಗಾರನಿಗೆ ಆ ತಜ್ಞತೆ ರಕ್ತಗತವಾಗಿ ಬಂದಿರುತ್ತದೆ. ಸರ್ಕಾರದ ಕಚೇರಿಯು ಅದನ್ನು ಬೆಳೆಸಿ ಉಳಿಸಿಕೊಳ್ಳಬೇಕಾಗುತ್ತದೆ.

ಈಗ ನಮ್ಮ ನಾಡಿಗೆ ಬರೋಣ. ಭಾರತವು ಹಿಡಿದ ದಾರಿ ಬೇರೆ. 1996ರಲ್ಲಿ ಐ.ಆರ್.ಎಸ್.-ಪಿ3 ಉಪಗ್ರಹದಲ್ಲಿ ಕಳುಹಿಸಿದ ಸಣ್ಣದೊಂದು ಕ್ಷ-ಕಿರಣ ಉಪಕರಣವು ಯಶಸ್ವಿಯಾದ ಮೇಲೆ, ಖಗೋಳ ವೀಕ್ಷಣೆಗೇ ಮೀಸಲಾದ ಆಸ್ಟ್ರೋಸ್ಯಾಟ್ ಎಂಬ ಉಪಗ್ರಹಕ್ಕೆ 2004ರಲ್ಲಿ ಅನುಮೋದನೆ ದೊರೆಯಿತು. ಇದರ ಉಪಕರಣಗಳನ್ನು ಯಾವುದಾದರೂ ಕಂಪೆನಿಗೆ ಒಟ್ಟು ಗುತ್ತಿಗೆಗೆ ಕೊಡಲಿಲ್ಲ. ಅವುಗಳಿಂದ ಆಕಾಶವನ್ನು ನೋಡಬೇಕಾದ ವಿಜ್ಞಾನಿಗಳ ಸಂಸ್ಥೆಗಳೇ, ಇಸ್ರೋ ಸಂಸ್ಥೆಯೊಡನೆ ಒಡಂಬಡಿಕೆ ಮಾಡಿಕೊಂಡು, ಅವನ್ನು ಕಟ್ಟುವ ಹೊಣೆ ಹೊತ್ತವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಕ್ಷ-ಕಿರಣ ಉಪಕರಣಗಳಲ್ಲಿ ಮುಂದಾಳಾಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಪಾಲಿಗೆ ಅತಿನೇರಳೆ ದೂರದರ್ಶಕವು ಬಂದಿತು.

ಹೊಸಕೋಟೆಯ ಬಳಿಯಿರುವ ಆ ಸಂಸ್ಥೆಯ ಆವರಣದಲ್ಲಿ ಎಂ.ಜಿ.ಕೆ. ಮೆನನ್ ಅವರ ಹೆಸರಿನ ಪ್ರಯೋಗಶಾಲೆಯೊಂದಿದೆ. ಅತಿನೇರಳೆ ದೂರದರ್ಶಕದ ಅಂಗಗಳನ್ನು ಜೋಡಿಸಿ ಅಳೆದುದು ಅಲ್ಲಿಯೇ. ಇದರಲ್ಲಿ 375 ಮಿಲಿಮೀಟರು ವ್ಯಾಸದ ದರ್ಪಣಗಳುಳ್ಳ ಎರಡು ದೂರದರ್ಶಕಗಳಿವೆ. ಒಂದು ದೂರದ ಅತಿನೇರಳೆ ಕಿರಣಗಳಿಗೆ, ಮತ್ತೊಂದು ಸಮೀಪದ ಅತಿನೇರಳೆ ಹಾಗೂ ದೃಶ್ಯ ಬೆಳಕಿಗೆ. ದರ್ಪಣಗಳನ್ನು ಉಜ್ಜಿ ಸಿದ್ಧಗೊಳಿಸಿದುದು ಬೆಂಗಳೂರಿನಲ್ಲಿಯೇ ಇರುವ ಇಸ್ರೋದ ದೃಗ್ವಿದ್ಯುತ್ ಪ್ರಯೋಗಶಾಲೆ. ಅತಿನೇರಳೆ ಕಿರಣಗಳಿಗೆ ಮಲಿನತೆಯೇ ಪರಮಶತ್ರು. ದರ್ಪಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜಿಡ್ಡು ಕುಳಿತರೂ ಬೆಳಕು ಅಲ್ಲಿಯೇ ನುಂಗಿಹೋಗುತ್ತದೆ. ಬಳಸುವ ಅಂಟು, ತಂತಿಯ ಹೊದಿಕೆ, ಬಣ್ಣ ಇವುಗಳಿಂದ ನಿರ್ವಾತದಲ್ಲಿ ಹೊರಬೀಳುವ ಆವಿಯನ್ನೂ ಲೆಕ್ಕಹಾಕಬೇಕು. ಇಂತಹ ನಿಯಮಗಳನ್ನು ಟೆಂಡರಿನ ಷರತ್ತಾಗಿ ಬರೆಯುವುದು ಸುಲಭ. ದಿನದಿನವೂ ಪಾಲಿಸಿದ್ದಾರೆಯೇ ಎಂದು ಹೊರಗಿನಿಂದ ನೋಡಿ ತಿಳಿಯುವುದು ಬಹು ಕಷ್ಟ. ಕೆಟ್ಟರೆ ತನ್ನದೇ ಸಂಶೋಧನೆ ಕೆಡುವುದೆಂದು ಬಲ್ಲವನು ಒಳಗೆ ಕುಳಿತಿದ್ದರೆ ಆ ಕಷ್ಟವು ಅರ್ಧ ಕಳೆಯುತ್ತದೆ. ಉಪಗ್ರಹವು 2015ರ ಸೆಪ್ಟೆಂಬರ್ 28ರಂದು ಮೇಲೇರಿದರೂ ಆವಿಗಳೆಲ್ಲ ಚದುರಿಹೋಗಲೆಂದು ಈ ದೂರದರ್ಶಕದ ಬಾಗಿಲುಗಳನ್ನು ನವೆಂಬರ್ 30ರವರೆಗೆ ತೆರೆಯಲಿಲ್ಲ.

ಬೆಳಕನ್ನು ಗ್ರಹಿಸುವ ಉಪಕರಣಗಳು ಕೆನಡಾದಿಂದ ಬಂದವು. ಇಲ್ಲಿಯ ವ್ಯವಹಾರವು ವಾಣಿಜ್ಯದ ವಿದ್ಯಾರ್ಥಿಗಳಿಗೂ ಕುತೂಹಲಕರವಾಗಿದೆ. ಕೆನಡಾದ ಅಂತರಿಕ್ಷ ಸಂಸ್ಥೆಯು ಅವನ್ನು ತನ್ನ ದೇಶದ ಕಂಪೆನಿಯಿಂದ ತನ್ನ ಖರ್ಚಿನಲ್ಲಿ ಮಾಡಿಸಿಕೊಟ್ಟಿತು; ನಾವು ಅದಕ್ಕೆ ಪ್ರತಿಯಾಗಿ ಕೊಟ್ಟದ್ದು ಹಣವನ್ನಲ್ಲ, ವೀಕ್ಷಣೆಯ ಕಾಲದ ಶೇಕಡಾ 5 ಪಾಲನ್ನು. ಇದೇ ರೀತಿ ಕ್ಷ-ಕಿರಣ ದೂರದರ್ಶಕದ ಕ್ಯಾಮೆರಾದಲ್ಲಿ ನೆರವಾದ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಶೇಕಡಾ 3 ಪಾಲು ಸಂದಿತು. ಭತ್ತ ಕೊಟ್ಟು ಉಪ್ಪು ಕೊಳ್ಳುತ್ತಿದ್ದ ಹಿಂದಿನ ವಿನಿಮಯವೇ ಇಲ್ಲಿ ಬೇರೆ ವೇಷದಲ್ಲಿ ಕಾಣಿಸಿಕೊಂಡಿದೆ. ಉಪಕರಣವು ಕೆಟ್ಟರೆ ಕೊಟ್ಟವನ ಪಾಲಿನ ಕಾಲವೂ ವ್ಯರ್ಥವಾಗುವುದರಿಂದ, ಬರೆದ ದಂಡಕ್ಕಿಂತ ಈ ಏರ್ಪಾಡು ಹೆಚ್ಚು ಬಿಗಿಯಾದುದೆಂದು ನಮ್ಮ ಅಭಿಪ್ರಾಯ.

ಫಲವೇನಾಯಿತು? ಬಿಂಬದ ಸ್ಫುಟತೆ 1.8 ಕೋನ-ಸೆಕೆಂಡಿಗಿಂತ ಕೀಳಾಗಿರಬಾರದೆಂದು ನಿಬಂಧನೆಯಿತ್ತು. ಕಕ್ಷೆಯಲ್ಲಿ ದೊರೆತುದು 1.5ರ ಆಸುಪಾಸು. ಅದಕ್ಕೆ ಹಿಂದೆ 2003ರಲ್ಲಿ ಅಮೆರಿಕವು ಹಾರಿಸಿದ್ದ ಗ್ಯಾಲೆಕ್ಸ್ ದೂರದರ್ಶಕದ ಸ್ಫುಟತೆ ಸುಮಾರು 5 ಕೋನ-ಸೆಕೆಂಡು. ಆಸ್ಟ್ರೋಸ್ಯಾಟಿಗೆ ತಗುಲಿದ ವೆಚ್ಚ ಸುಮಾರು 178 ಕೋಟಿ ರೂಪಾಯಿಗಳೆಂದು ಪ್ರಕಟವಾಗಿದೆ.

ಆದರೆ ಈ ದಾರಿಯನ್ನು ಬರಿದೇ ಹೊಗಳುವುದು ನ್ಯಾಯವಲ್ಲ. ಅನುಮೋದನೆಯಿಂದ ಉಡಾವಣೆಯವರೆಗೆ 11 ವರ್ಷಗಳು ಹಿಡಿದವು. ಕಂಪೆನಿಯೊಂದು ತಡಮಾಡಿದರೆ ಕರಾರಿನಂತೆ ದಂಡ ವಿಧಿಸಬಹುದು. ಸರ್ಕಾರದ ಒಂದು ಸಂಸ್ಥೆಯು ಇನ್ನೊಂದಕ್ಕೆ ದಂಡ ತೆತ್ತರೆ ಅದು ಎಡಗೈಯ ಹಣವನ್ನು ಬಲಗೈಗೆ ಕೊಟ್ಟಂತೆ; ಬೊಕ್ಕಸವು ಒಂದೇ. ಆದುದರಿಂದ ಒಡಂಬಡಿಕೆಗಳಲ್ಲಿ ಕಾಲದ ಬಿಗಿ ಸಡಿಲವಾಗುತ್ತದೆ, ಆ ಸಡಿಲಿಕೆಯ ಬೆಲೆಯನ್ನು ತೆರುವವರು ಸಂಶೋಧನ ವಿದ್ಯಾರ್ಥಿಗಳು. ಹನ್ನೊಂದು ವರ್ಷಗಳೆಂದರೆ ಒಬ್ಬನು ಕಾಲೇಜು ಸೇರಿ, ಡಾಕ್ಟರೇಟು ಮುಗಿಸಿ, ಉದ್ಯೋಗ ಹಿಡಿಯುವಷ್ಟು ಕಾಲ. ಇನ್ನು, ಕಕ್ಷೆಯಲ್ಲಿ ಕೆಟ್ಟುದಕ್ಕೆ ಪರಿಹಾರವೆಂಬುದು ಎರಡು ದಾರಿಗಳಲ್ಲಿಯೂ ಇಲ್ಲ. ಸಮೀಪದ ಅತಿನೇರಳೆ ವಿಭಾಗವು 2018ರ ಮಾರ್ಚಿನಲ್ಲಿ ನಿಂತುಹೋಯಿತು. ಉಳಿದ ಎರಡು ವಿಭಾಗಗಳಿಂದ ಕೆಲಸವನ್ನು ಮುಂದುವರಿಸಲಾಯಿತು, ಅಷ್ಟೇ.

ಸಂಸ್ಥೆಯೇ ಉಪಕರಣವನ್ನು ಕಟ್ಟಿದರೂ ಅದರ ನೂರಾರು ಬಿಡಿಭಾಗಗಳನ್ನು ಪೇಟೆಯಿಂದ ಕೊಳ್ಳಲೇಬೇಕು. ಅಲ್ಲಿಂದ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳ ಆಳ್ವಿಕೆ. 2017ರಲ್ಲಿ ಪರಿಷ್ಕೃತವಾದ ಈ ನಿಯಮಗಳ ಮೂಲತತ್ತ್ವವೆಂದರೆ ಬಹಿರಂಗ ಟೆಂಡರು, ಮತ್ತು ಅರ್ಹರಾದವರಲ್ಲಿ ಅತಿ ಕಡಿಮೆ ಬೆಲೆ ಹೇಳಿದವನಿಗೆ ಕೆಲಸ. ಕಚೇರಿಯ ಮೇಜು ಕುರ್ಚಿಗಳಿಗೆ ಇದು ಯೋಗ್ಯವೇ. ಆದರೆ ಜಗತ್ತಿನಲ್ಲಿ ಒಬ್ಬಿಬ್ಬರೇ ಮಾಡುವ ಶೋಧಕವನ್ನು ಕೊಳ್ಳುವಾಗ ಸ್ಪರ್ಧೆಯೆಲ್ಲಿಂದ ಬರಬೇಕು? ಅಂತಹ ಸಂದರ್ಭಕ್ಕೆ ಏಕವ್ಯಕ್ತಿ ಟೆಂಡರಿನ ಅವಕಾಶವುಂಟು; ಆದರೆ ಕಾರಣಗಳನ್ನು ಬರೆದು ಸಹಿ ಹಾಕುವ ಅಧಿಕಾರಿಗೆ ಲೆಕ್ಕತಪಾಸಣೆಯ ಅಂಜಿಕೆ ಬಿಡದು. 2020ರಲ್ಲಿ 200 ಕೋಟಿ ರೂಪಾಯಿಗಳೊಳಗಿನ ಖರೀದಿಗೆ ಜಾಗತಿಕ ಟೆಂಡರು ಕೂಡದೆಂಬ ನಿಯಮ ಬಂದಾಗ ಪ್ರಯೋಗಶಾಲೆಗಳಿಗೆ ಮತ್ತೊಂದು ಗಂಟು ಬಿದ್ದಿತು. 2025ರ ಜೂನಿನಲ್ಲಿ ಸಂಶೋಧನಾ ಸಂಸ್ಥೆಗಳ ನಿರ್ದೇಶಕರಿಗೂ ವಿಶ್ವವಿದ್ಯಾನಿಲಯಗಳ ಕುಲಪತಿಗಳಿಗೂ ಆ ಮಿತಿಯವರೆಗೆ ಸ್ವತಃ ಅನುಮತಿ ನೀಡುವ ಅಧಿಕಾರವನ್ನು ಕೊಟ್ಟು ಆ ಗಂಟನ್ನು ಸಡಿಲಿಸಲಾಯಿತು.

ಆಸ್ಟ್ರೋಸ್ಯಾಟಿನ ಮೇಲ್ಪಂಕ್ತಿಯೇ ಮುಂದೆಯೂ ನಡೆಯಿತು. ಸೂರ್ಯನ ಕಿರೀಟವನ್ನು ನೋಡುವ ಆದಿತ್ಯ-ಎಲ್1ರ ಮುಖ್ಯ ಉಪಕರಣವು ಹೊಸಕೋಟೆಯಲ್ಲಿಯೇ ಸಿದ್ಧವಾಗಿ 2023ರ ಜನವರಿಯಲ್ಲಿ ಇಸ್ರೋಗೆ ಹಸ್ತಾಂತರವಾಯಿತು. 2024ರ ಜನವರಿ 1ರಂದು ಮೇಲೇರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಎಂಬ ಧ್ರುವೀಕರಣ ಮಾಪಕವು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿತು. ಅದಕ್ಕೆ 2017ರಲ್ಲಿ ದೊರೆತುದು ಗುತ್ತಿಗೆಯ ಹಣವಲ್ಲ, 9 ಕೋಟಿ 50 ಲಕ್ಷ ರೂಪಾಯಿಗಳ ಅನುದಾನ. ಉಪಗ್ರಹಗಳ ಕೆಲಸವು ಈಗ ಖಾಸಗಿ ಕೈಗಾರಿಕೆಯತ್ತ ಹೆಚ್ಚು ಹೆಚ್ಚಾಗಿ ಸಾಗುತ್ತಿರುವುದರಿಂದ ಮುಂದಿನ ದೂರದರ್ಶಕಗಳಲ್ಲಿ ಕಂಪೆನಿಗಳ ಪಾಲು ಬೆಳೆಯುವುದು ಸಹಜ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಕಾಲದ ಬಿಗಿ ಅದರಿಂದ ಬರಬಹುದು. ಆದರೆ ಒರಟು ಪರೀಕ್ಷೆಯೊಂದು ಬೇರೆ ಉತ್ತರ ಕೊಟ್ಟಾಗ ಕೆಲಸವನ್ನು ನಿಲ್ಲಿಸಿ ಕೇಳುವ ಅಧಿಕಾರ ಯಾರಿಗಿದೆ ಎಂಬುದು ಅಂತಹ ಪ್ರತಿಯೊಂದು ಕರಾರಿನಲ್ಲಿಯೂ ಹೆಸರಿಟ್ಟು ಬರೆದಿರಬೇಕು, ಮತ್ತು ಆ ಅಧಿಕಾರವು ಉಪಕರಣವನ್ನು ಬಳಸುವ ವಿಜ್ಞಾನಿಯಲ್ಲಿರಬೇಕು.

ಅಧ್ಯಾಪಕ ಮಿತ್ರರ ಅನುಕೂಲಕ್ಕಾಗಿ ಒಂದು ಮಾತು. ಆಸ್ಟ್ರೋಸ್ಯಾಟಿನ ವೀಕ್ಷಣಾ ದತ್ತಾಂಶಗಳ ಭಂಡಾರವನ್ನು 2018ರ ಸೆಪ್ಟೆಂಬರ್ 26ರಂದು ಸರ್ವರಿಗೂ ತೆರೆಯಲಾಗಿದೆ. ವೀಕ್ಷಕರ ಮೀಸಲು ಅವಧಿ ಮುಗಿದ ದತ್ತಾಂಶಗಳು ಅಲ್ಲಿಗೆ ಸೇರುತ್ತವೆ. ಭಟ್ಕಳ, ಹೊನ್ನಾವರ, ಕುಮಟಾಗಳ ಕಾಲೇಜುಗಳಲ್ಲಿ ಭೌತವಿಜ್ಞಾನವನ್ನು ಓದುವ ವಿದ್ಯಾರ್ಥಿಯು ಹೆಸರು ನೋಂದಾಯಿಸಿಕೊಂಡು ಹೊಸಕೋಟೆಯಲ್ಲಿ ಜೋಡಿಸಿದ ದರ್ಪಣವು ಕಂಡ ನಕ್ಷತ್ರವನ್ನು ತಾನೇ ಅಳೆಯಬಹುದು; ಅದಕ್ಕೆ ಶುಲ್ಕವಿಲ್ಲ.