ಸೀಲ್ ಹೊಸದು, ಆದರೂ ಶಾಕ್ ಏಕೆ ಗಟ್ಟಿ?

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಸುಬ್ರಹ್ಮಣ್ಯ, ಗುತ್ತಿಗಾರು, ಕಡಬದ ಕಡೆ ಬೈಕಿನ ಮುಂದಿನ ಶಾಕ್‌ಗೆ ಕಷ್ಟಕಾಲ. ತೋಟದ ದಾರಿಯ ಕೆಂಪು ಕೆಸರು ಫೋರ್ಕ್ ಪೈಪಿಗೆ ಹಿಡಿದು ಡಸ್ಟ್ ಸೀಲಿನೊಳಗೆ ನುಗ್ಗುತ್ತದೆ. ಅದರ ನುಣ್ಣನೆಯ ಹರಳು ಆಯಿಲ್ ಸೀಲಿನ ರಬ್ಬರ್ ಅಂಚನ್ನು ಸವೆಸುತ್ತದೆ. ಪೈಪಿನ ಮೇಲೆ ಎಣ್ಣೆ ಜಿನುಗುತ್ತದೆ. ಸ್ಪ್ಯಾನರ್ ಮನೆಯಲ್ಲೇ ಇರುವವರು ಸೀಲ್ ಬದಲಿಸಿ, ಹೊಸ ಎಣ್ಣೆ ಹಾಕಿ, ಎಲ್ಲವನ್ನೂ ಬಿಗಿದು ಹೊರಡುತ್ತಾರೆ. ಸೋರಿಕೆ ನಿಂತಿರುತ್ತದೆ, ಆದರೆ ಶಾಕ್ ಕಲ್ಲಿನಂತಾಗಿರುತ್ತದೆ. ಇಲ್ಲವೇ ಹೊಂಡಕ್ಕೆ ಇಳಿದಾಗಲೆಲ್ಲ ‘ಟಕ್’ ಎನ್ನುತ್ತದೆ.

ರಿಪೇರಿಗೆ ಮೊದಲು ಇಲ್ಲದ ದೋಷ ರಿಪೇರಿಯ ಮರುದಿನ ಕಾಣಿಸಿಕೊಂಡರೆ ಕಾರಣವನ್ನು ಮೊದಲು ಆ ರಿಪೇರಿಯಲ್ಲೇ ಹುಡುಕಬೇಕು. ಮತ್ತೆ ಎಲ್ಲ ಬಿಚ್ಚುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ. ಹ್ಯಾಂಡಲ್ ಹಿಡಿದು, ಮುಂದಿನ ಬ್ರೇಕ್ ಒತ್ತಿ, ಶಾಕನ್ನು ನಾಲ್ಕಾರು ಬಾರಿ ಕೆಳಗೆ ಅದುಮಿ ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಸ್ಪ್ರಿಂಗ್, ಎಣ್ಣೆ, ಗಾಳಿ

ಫೋರ್ಕಿನ ಪ್ರತಿ ಕಾಲಿನಲ್ಲೂ ಕೆಲಸ ಮಾಡುವವರು ಮೂವರು. ಸ್ಪ್ರಿಂಗ್ ಹೊಂಡದ ಪೆಟ್ಟನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗಿಸುತ್ತದೆ. ಅದೊಂದೇ ಇದ್ದರೆ ಬೈಕು ಕುಣಿಯುತ್ತಲೇ ಇರುತ್ತಿತ್ತು. ಆ ಕುಣಿತವನ್ನು ತಡೆಯುವುದು ಎಣ್ಣೆ: ಸಣ್ಣ ತೂತುಗಳ ಮೂಲಕ ನುಸುಳುವಾಗ ಅದು ಚಲನೆಯ ಶಕ್ತಿಯನ್ನು ಶಾಖವಾಗಿಸುತ್ತದೆ. ಶಾಕ್ ವೇಗವಾಗಿ ಚಲಿಸಿದಷ್ಟೂ ಎಣ್ಣೆಯ ತಡೆ ಹೆಚ್ಚು. ಎಣ್ಣೆಯ ಮೇಲೆ ಉಳಿದ ಗಾಳಿ ಎರಡನೆಯ ಸ್ಪ್ರಿಂಗಿನಂತೆ ವರ್ತಿಸುತ್ತದೆ.

ಹೀಗೆ ಎಣ್ಣೆಯಿಂದ ಕುಲುಕಾಟ ತಡೆಯುವ ಟೆಲಿಸ್ಕೋಪಿಕ್ ಫೋರ್ಕ್‌ನೊಂದಿಗೆ ಮಾರುಕಟ್ಟೆಗೆ ಬಂದ ಮೊದಲ ಬೈಕುಗಳಲ್ಲಿ 1935ರ ಬಿಎಂಡಬ್ಲ್ಯು ಆರ್12 ಒಂದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ದಿಗಳದ್ದೂ ಇದೇ ಮಾದರಿ. ಇಂದು ನಮ್ಮ ರಸ್ತೆಯ ಬಹುತೇಕ ಬೈಕುಗಳ ಮುಂಗಾಲು ನಿಂತಿರುವುದೂ ಇದೇ ತತ್ವದ ಮೇಲೆ.

ಎಲ್ಲಿ ಗಟ್ಟಿ, ಯಾವಾಗ ಗಟ್ಟಿ?

ಅದುಮಿದ ಕೂಡಲೇ ಗಟ್ಟಿ, ಬಿಟ್ಟರೆ ಅರ್ಧದಲ್ಲೇ ನಿಲ್ಲುತ್ತದೆ ಎಂದಾದರೆ ಅದು ಘರ್ಷಣೆ. ಎರಡೂ ಕಾಲುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ. ಪೈಪು ಒಳಗೆ ಓರೆಯಾಗಿ ಉಜ್ಜುತ್ತಿದೆ. ಬಿಗಿಯುವ ಕ್ರಮ ತಪ್ಪಿದರೆ ಹೀಗಾಗುತ್ತದೆ. ಮಡ್‌ಗಾರ್ಡ್ ಬೋಲ್ಟುಗಳನ್ನೂ, ಆಕ್ಸಲನ್ನು ಅಡಿಯಲ್ಲಿ ಕಚ್ಚಿ ಹಿಡಿಯುವ ಬೋಲ್ಟ್ ಇದ್ದರೆ ಅದನ್ನೂ ಸಡಿಲಿಸಿ. ಆಕ್ಸಲ್ ನಟ್ ಬಿಗಿಯಾಗಿರಲಿ. ಬ್ರೇಕ್ ಹಿಡಿದು ಶಾಕನ್ನು ಕೆಲವು ಬಾರಿ ಅದುಮಿದರೆ ಕಾಲುಗಳು ತಾವಾಗಿ ಸರಿಯಾದ ಜಾಗಕ್ಕೆ ಬರುತ್ತವೆ. ಸಡಿಲಿಸಿದ್ದನ್ನು ಬಿಗಿಯುವುದು ಆಮೇಲೆ. ಮೇಲಿನ ಕ್ಲ್ಯಾಂಪಿನಲ್ಲಿ ಎರಡು ಪೈಪುಗಳ ಎತ್ತರವೂ ಒಂದೇ ಇರಬೇಕು.

ಮೊದಲು ಮೆತ್ತಗಿದ್ದು ಕೊನೆಯಲ್ಲಿ ಗೋಡೆಗೆ ಬಡಿದಂತಾದರೆ ಎಣ್ಣೆ ಹೆಚ್ಚಾಗಿದೆ. ಬಾಯಿ ಮುಚ್ಚಿದ ಸೈಕಲ್ ಪಂಪನ್ನು ಒತ್ತಿದಂತೆ, ಉಳಿದ ಗಾಳಿ ಕೊನೆಗೆ ಜಗ್ಗುವುದಿಲ್ಲ. ಒಂದು ಸರಳ ಲೆಕ್ಕ ನೋಡಿ. ಶಾಕಿನ ಓಟ 120 ಮಿಮೀ, ಪೂರ್ತಿ ಕುಸಿದಾಗ ಎಣ್ಣೆಯ ಮೇಲೆ 180 ಮಿಮೀ ಗಾಳಿ ಇದೆ ಎನ್ನೋಣ. 300 ಮಿಮೀ ಗಾಳಿ 180ಕ್ಕೆ ಕುಗ್ಗಿದರೆ ಬಾಯ್ಲ್ ನಿಯಮದ ಪ್ರಕಾರ ಒತ್ತಡ ಸುಮಾರು 1.7 ಪಟ್ಟು. ಎಣ್ಣೆ ಹೆಚ್ಚಾಗಿ ಆ ಜಾಗ 60 ಮಿಮೀಗೆ ಇಳಿದರೆ, 180 ಮಿಮೀ ಗಾಳಿ 60ಕ್ಕೆ ಕುಗ್ಗಬೇಕು: ಒತ್ತಡ 3 ಪಟ್ಟು. ಹೊರಗಿನ ಗಾಳಿಯ ಒತ್ತಡವನ್ನು ಕಳೆದು ನೋಡಿದರೆ ಹೆಚ್ಚುವರಿ ತಳ್ಳುವಿಕೆ ಮೂರು ಪಟ್ಟಾಯಿತು. ಇದು ಹೊಸ ಸೀಲನ್ನೂ ಹೊರಕ್ಕೆ ಒತ್ತುತ್ತದೆ.

ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಮಿಲಿಲೀಟರ್ ಹಾಕಿಯೂ ಹೀಗಾಗಬಹುದು. ಫೋರ್ಕ್ ಬಿಚ್ಚದೆ ಹಳೆಯ ಎಣ್ಣೆಯನ್ನು ಬರೀ ಹೊರಗೆ ಸುರಿದರೆ ಅದು ಸ್ವಲ್ಪ ಒಳಗೇ ಉಳಿದಿರುತ್ತದೆ. ಪೂರ್ತಿ ಬಿಚ್ಚಿ ಒರೆಸಿದ ಫೋರ್ಕ್‌ಗೆ ಬೇಕಾದ ಅಳತೆ ಇಂಥ ಫೋರ್ಕ್‌ಗೆ ಜಾಸ್ತಿ. ನಂಬಬೇಕಾದದ್ದು ಮಟ್ಟವನ್ನು. ಸಾಮಾನ್ಯವಾಗಿ ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಕುಸಿಸಿ, ಪೈಪಿನ ಬಾಯಿಂದ ಎಣ್ಣೆಯವರೆಗೆ ಸ್ಕೇಲ್ ಇಳಿಸಿ ಅಳೆಯುತ್ತಾರೆ. ಎರಡು ಕಾಲಿನಲ್ಲೂ ಅಳತೆ ಒಂದೇ ಇರಬೇಕು.

ಅದುಮಿದ ಶಾಕ್ ಬಹಳ ನಿಧಾನವಾಗಿ ಏಳುತ್ತಿದ್ದರೆ ಎಣ್ಣೆ ದಪ್ಪ. ಮನೆಯಲ್ಲಿ ಮಿಕ್ಕ ಎಂಜಿನ್ ಆಯಿಲ್ ಸುರಿದವರಿಗೆ ಇದು ಸಾಮಾನ್ಯ. ಒಂದು ಹೊಂಡದಿಂದ ಮೇಲೇಳುವ ಮೊದಲೇ ಮುಂದಿನದು ಬಂದು, ಶಾಕ್ ಕುಸಿದೇ ಉಳಿಯುತ್ತದೆ. ಬೈಕಿಗೆ ಹೇಳಿದ ದರ್ಜೆಯ ಫೋರ್ಕ್ ಆಯಿಲೇ ಇದಕ್ಕೆ ಮದ್ದು. ಬದಲಿಗೆ ಪುಟಿಯುತ್ತಿದ್ದರೆ, ‘ಟಕ್’ ಎನ್ನುತ್ತಿದ್ದರೆ ಎಣ್ಣೆ ಕಡಿಮೆಯಾಗಿರಬಹುದು, ಇಲ್ಲವೇ ತೂತುಗಳ ದಾರಿಯಲ್ಲಿ ಗಾಳಿ ಸಿಕ್ಕಿರಬಹುದು. ಕ್ಯಾಪ್ ಹಾಕುವ ಮೊದಲು ಪೈಪನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಬೇಕು.

ಬ್ರೇಕ್ ಹಿಡಿದಾಗ ಮಾತ್ರ ಬರುವ ‘ಟಕ್’ ಬೇರೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಹ್ಯಾಂಡಲ್ ಬುಡದಲ್ಲಿ ಆಟ ಸಿಕ್ಕರೆ ಕೋನ್ ಸೆಟ್ ಸಡಿಲ. ಪೈಪಿನ ಸಂದಿಯಲ್ಲಿ ಸಿಕ್ಕರೆ ಬುಶ್ ಸವೆದಿದೆ.

ಮತ್ತೆ ಸೋರಿದರೆ

ಹೊಸ ಸೀಲ್ ಕೆಲವೇ ದಿನಗಳಲ್ಲಿ ಸೋರಿದರೆ ಪೈಪಿನ ಮೇಲೆ ಉಗುರು ಓಡಿಸಿ. ಉಗುರು ತಡೆದರೆ ಅಲ್ಲಿ ತುಕ್ಕಿನ ಗುಳಿ ಇದೆ. ಅಂಥ ಪೈಪಿನ ಮೇಲೆ ಎಷ್ಟು ಸೀಲ್ ಹಾಕಿದರೂ ವ್ಯರ್ಥ, ಪೈಪನ್ನೇ ಬದಲಿಸಬೇಕು. ಪೈಪು ನುಣುಪಾಗಿದ್ದರೆ ಸೀಲ್ ತಿರುಗುಮುರುಗಾಗಿರಬಹುದು: ಅಂಚಿನ ಸುತ್ತಲಿನ ಸಣ್ಣ ಸ್ಪ್ರಿಂಗ್ ಎಣ್ಣೆಯ ಕಡೆಗೆ ಇರಬೇಕು. ಪೈಪಿನ ಚೂಪು ಅಂಚಿಗೆ ಪ್ಲಾಸ್ಟಿಕ್ ಸುತ್ತಿ, ಎಣ್ಣೆ ಸವರಿ ಸೀಲನ್ನು ಜಾರಿಸದಿದ್ದರೆ ರಬ್ಬರ್ ಕುಯ್ದುಹೋಗುತ್ತದೆ. ಕಾಲಿನ ಅಡಿಯಿಂದಲೇ ಜಿನುಗಿದರೆ ತಳದ ಬೋಲ್ಟಿನ ವಾಷರ್ ನೋಡಿ.

ಬಿಸ್ಲೆ ಘಾಟಿ ಇಳಿದು ಕುಲ್ಕುಂದಕ್ಕೆ ಬರುವ ಬೈಕಿನ ಭಾರದ ಹೆಚ್ಚಿನ ಪಾಲು ಪ್ರತಿ ಬ್ರೇಕಿಗೂ ಮುಂದಿನ ಚಕ್ರಕ್ಕೆ ಬೀಳುತ್ತದೆ. ಆದ್ದರಿಂದ ರಿಪೇರಿಯಾದ ಮೇಲೆ ಮೊದಲ ಪರೀಕ್ಷೆ ಮನೆಯಂಗಳದಲ್ಲೂ ಊರ ರಸ್ತೆಯಲ್ಲೂ ನಡೆಯಲಿ, ಘಾಟಿಯಲ್ಲಿ ಬೇಡ. ಸೋರಿದ ಎಣ್ಣೆ ಡಿಸ್ಕಿಗೆ ತಾಗಿದ್ದರೆ ಡಿಸ್ಕ್ ತೊಳೆದು ಪ್ಯಾಡ್ ಬದಲಿಸುವವರೆಗೆ ಬೈಕು ಓಡಿಸಬಾರದು. ಪೈಪು ಬಾಗಿದೆ ಎಂಬ ಅನುಮಾನ ಬಂದರೆ ಮನೆ ರಿಪೇರಿ ಅಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ಒಯ್ಯಿರಿ. ಮಳೆಗಾಲದಲ್ಲಿ ದಿನಾ ಸಂಜೆ ಪೈಪಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿಟ್ಟರೆ ಸೀಲ್ ಬಾಳಿಕೆ ಬರುತ್ತದೆ, ಇಷ್ಟೆಲ್ಲ ಬಿಚ್ಚುವ ಕೆಲಸವೂ ತಪ್ಪುತ್ತದೆ.