ರೋಗಿಗೆ ತಿಳಿಯಿತೇ? ಒಳ್ಳೆಯ ಆರೈಕೆಯನ್ನು ಅಳೆಯುವ ಬಗೆ

ಆಸ್ಪತ್ರೆ ಒಳ್ಳೆಯದೇ ಎಂದು ಯಾರಾದರೂ ಕೇಳಿದರೆ ನಾವು ಅಲ್ಲಿನ ಕಟ್ಟಡ, ಹಾಸಿಗೆ, ಯಂತ್ರ, ಡಾಕ್ಟರರ ಹೆಸರು ಹೇಳುತ್ತೇವೆ. ಅಲ್ಲಿ ಮಲಗಿದ್ದ ರೋಗಿಯ ಮಾತನ್ನು ಯಾರಾದರೂ ಕೇಳಿದರೇ, ಕಾಯಿಲೆ ಏನೆಂದು ತಿಳಿಸಿ ಹೇಳಿದರೇ, ಮರ್ಯಾದೆಯಿಂದ ನಡೆಸಿಕೊಂಡರೇ ಎಂಬುದನ್ನು ಹೇಳುವುದು ಕಡಿಮೆ. ಇದನ್ನೇ ಇಂದು ರೋಗಿ-ಕೇಂದ್ರಿತ ಆರೈಕೆ ಎನ್ನುತ್ತಾರೆ. ರಕ್ತದೊತ್ತಡವನ್ನು ಅಳೆಯಲು ಯಂತ್ರವಿದೆ. ಇದನ್ನು ಅಳೆಯುವುದು ಹೇಗೆ?

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಡಫಳಾಪುರದ ಕಡೆಗೆ ನೋಡೋಣ. ಒಂದು ಕಾಲಕ್ಕೆ ಇದು ಪುಟ್ಟ ಜಹಗೀರು. 1917ರಲ್ಲಿ ಜತ್ತ ಸಂಸ್ಥಾನದೊಳಗೆ ಸೇರಿತು. ಗಡಿಯ ಈ ತಾಲೂಕಿನಲ್ಲಿ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳು ಬಹಳ. ಕಚೇರಿಯ ಕಾಗದ ಮಾತ್ರ ಮರಾಠಿ. ದೊಡ್ಡ ಕಾಯಿಲೆ ಬಂದರೆ ಮಿರಜಕ್ಕೆ ಹೋಗಬೇಕು. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ತೆರೆದ ಮೇಲೆ ಮಿರಜ ಈ ಸೀಮೆಯ ಜನರಿಗೆಲ್ಲ ದವಾಖಾನೆಯ ಊರಾಯಿತು. ಕನ್ನಡ ಒಂದೇ ಬಲ್ಲ ಅಜ್ಜಿಗೆ ಡಾಕ್ಟರು ಮರಾಠಿಯಲ್ಲಿ ಹೇಳಿ, ಔಷಧದ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ, ಅವರ ಕೈಗೆ ಬಂದದ್ದು ಗುಳಿಗೆ ಮಾತ್ರ, ತಿಳಿವಳಿಕೆಯಲ್ಲ.

'ಚಲೋ ಐತ್ರೀ' ಎಂಬ ಉತ್ತರ

ಇಂಥ ಅಜ್ಜಿಯನ್ನು "ಹೆಂಗ ನೋಡಿದ್ರು?" ಎಂದು ಕೇಳಿ. "ಚಲೋ ಐತ್ರೀ" ಎನ್ನುತ್ತಾರೆ. ನಮ್ಮ ಜನ ಉಪಕಾರ ಮರೆಯುವವರಲ್ಲ. ಮುಂದಿನ ತಿಂಗಳು ಅದೇ ಬಾಗಿಲಿಗೆ ಹೋಗಬೇಕೆಂಬ ಅಳುಕೂ ಇದೆ. ಆದ್ದರಿಂದ 'ತೃಪ್ತಿಯಾಯಿತೇ' ಎಂಬ ಒಂದೇ ಪ್ರಶ್ನೆಯಿಂದ ಆರೈಕೆಯ ಅಳತೆ ಸಿಗುವುದಿಲ್ಲ.

ಅದಕ್ಕಾಗಿಯೇ ಅಮೆರಿಕದ ಆಸ್ಪತ್ರೆಗಳ ಸಮೀಕ್ಷೆ ನಡೆದ ಸಂಗತಿಯನ್ನೇ ಕೇಳುತ್ತದೆ. ಡಾಕ್ಟರು ನಿಮಗೆ ಅರ್ಥವಾಗುವಂತೆ ಎಷ್ಟು ಸಲ ಹೇಳಿದರು? ಹೊಸ ಔಷಧ ಕೊಡುವ ಮೊದಲು ಅದು ಯಾತಕ್ಕೆಂದು ತಿಳಿಸಿದರೇ? ರೋಗಿ ಮನೆಗೆ ಮರಳಿದ ಮೇಲೆ, ಅಳುಕಿಲ್ಲದೆ ಉತ್ತರಿಸುವ ಹೊತ್ತಿನಲ್ಲಿ ಹೀಗೆ ಕೇಳುತ್ತಾರೆ. ಸ್ಪಾನಿಷ್, ಚೀನೀ ಮುಂತಾದ ಭಾಷೆಗಳಲ್ಲೂ ಕೇಳುತ್ತಾರೆ. 2008ರಿಂದ ಅದರ ಫಲಿತಾಂಶ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತಿದೆ.

ನಮ್ಮಲ್ಲಿಯೂ ಅಳತೆಗೋಲು ಇದೆ

ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಿಗಾಗಿ 2013ರಲ್ಲಿ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು ಬಂದವು. ಅವುಗಳ ವಿಭಾಗಗಳಲ್ಲಿ ರೋಗಿಗಳ ಹಕ್ಕುಗಳದೂ ಒಂದು. ಪರೀಕ್ಷಕರು ಕಣ್ಣಾರೆ ನೋಡಿ, ದಾಖಲೆ ತೆರೆದು, ಸಿಬ್ಬಂದಿಯನ್ನೂ ರೋಗಿಯನ್ನೂ ಮಾತನಾಡಿಸಿ ಅಂಕ ಕೊಡುತ್ತಾರೆ. ನಿಯಮದಂತೆ ಪೂರ್ಣ ನಡೆದಿದ್ದರೆ 2, ಅರ್ಧ ನಡೆದಿದ್ದರೆ 1, ಇಲ್ಲವಾದರೆ 0. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 'ಮೇರಾ ಆಸ್ಪತಾಲ್' ಎಂಬ ವ್ಯವಸ್ಥೆಯನ್ನು ತಂದು, ಮೊಬೈಲ್ ಮೂಲಕವೂ ರೋಗಿಗಳ ಅಭಿಪ್ರಾಯ ಕೇಳತೊಡಗಿತು.

ಆ ಮಾನದಂಡಗಳಲ್ಲಿ ಒಂದು ಮಾತಿದೆ: ಮಾಹಿತಿ ಸ್ಥಳೀಯ ಭಾಷೆಯಲ್ಲಿ, ಸುಲಭವಾಗಿ ತಿಳಿಯುವಂತೆ ಇರಬೇಕು. ಡಫಳಾಪುರದ ಸುತ್ತಿನ ಕನ್ನಡ ಕುಟುಂಬಕ್ಕೆ ಸ್ಥಳೀಯ ಭಾಷೆ ಯಾವುದು? ಗೋಡೆಯ ಮೇಲೆ ಮರಾಠಿ ಫಲಕವಿದ್ದರೆ ಪೂರ್ಣ ಅಂಕ ಸಿಕ್ಕೀತು, ಅಜ್ಜಿಗೆ ಮಾತ್ರ ಏನೂ ತಿಳಿದಿರುವುದಿಲ್ಲ. ನೂರು ರೋಗಿಗಳಲ್ಲಿ ತೊಂಬತ್ತು ಜನರಿಗೆ ಎಲ್ಲವೂ ತಿಳಿಯಿತು ಎಂದುಕೊಳ್ಳೋಣ. ತಿಳಿಯದ ಹತ್ತೂ ಜನ ಒಂದೇ ಭಾಷೆಯವರಾದರೆ, ತೊಂಬತ್ತು ಎಂಬ ಸುಂದರ ಅಂಕದ ಹಿಂದೆ ಅವರು ಮರೆಯಾಗಿಬಿಡುತ್ತಾರೆ. ಕಾಸರಗೋಡಿನ ಕನ್ನಡಿಗನಿಗೂ, ಕರ್ನಾಟಕದ ಆಸ್ಪತ್ರೆಗೆ ಬಂದ ಮರಾಠಿ ತಾಯಿಗೂ ಇದೇ ಮಾತು ಸಲ್ಲುತ್ತದೆ. ಆದ್ದರಿಂದ ಒಟ್ಟು ಅಂಕ ಸಾಲದು. ಯಾವ ಭಾಷೆಯವರಿಗೆ, ಎಂಥ ಬಡವರಿಗೆ ಏನು ದೊರೆಯಿತು ಎಂದು ಬೇರೆ ಬೇರೆಯಾಗಿ ನೋಡಬೇಕು.

ನಮ್ಮ ಕುಟುಂಬಗಳು ಏನು ಮಾಡಬಹುದು?

ರೋಗಿಯೊಡನೆ ಹೋದವರು ಮನೆಗೆ ಹೊರಡುವ ಮುನ್ನ ನಾಲ್ಕು ಪ್ರಶ್ನೆ ಕೇಳೋಣ. ಕಾಯಿಲೆ ಏನು? ಯಾವ ಗುಳಿಗೆ ಯಾತಕ್ಕೆ, ಊಟಕ್ಕೆ ಮೊದಲೋ ಆಮೇಲೋ? ಎಂಥ ತೊಂದರೆ ಕಂಡರೆ ಕೂಡಲೇ ಮರಳಿ ಬರಬೇಕು? ಮುಂದಿನ ಭೇಟಿ ಎಂದು? ಬಳಿಕ ರೋಗಿಯೇ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಹೇಳಲು ಬಂದರೆ ತಿಳಿದಿದೆ ಎಂದರ್ಥ. ಯಾವ ಖರ್ಚೂ ಇಲ್ಲದ ಅಳತೆ ಇದು. ಅಭಿಪ್ರಾಯ ಕೇಳಿದಾಗ ಸಂಕೋಚಪಡದೆ ನಿಜವನ್ನೇ ಹೇಳೋಣ. ಅದು ದೂರಲ್ಲ, ನಮ್ಮ ನಂತರ ಬರುವ ರೋಗಿಗೆ ಮಾಡುವ ಸಹಾಯ.

ಎರಡು ಭಾಷೆ ಬಲ್ಲ ನಮ್ಮ ಯುವಜನರು ಇಂಥ ಹಿರಿಯರ ಜೊತೆ ಆಸ್ಪತ್ರೆಗೆ ಹೋಗಬಹುದು. ಪ್ರತಿ ವರ್ಷ ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ಧರ್ಮಕೇಂದ್ರದಿಂದ ಹಣ್ಣುಹಂಪಲು ಹಿಡಿದು ಹೋಗುವಾಗ, ಹಾಸಿಗೆಯ ಪಕ್ಕ ಸ್ವಲ್ಪ ಹೊತ್ತು ಕುಳಿತು, "ಡಾಕ್ಟರು ಹೇಳಿದ್ದು ನಿಮಗೆ ತಿಳೀತಾ?" ಎಂದು ಅವರ ಭಾಷೆಯಲ್ಲೇ ಕೇಳಿ ಬರೋಣ. ತಿಳಿಯಲಿಲ್ಲ ಎಂದರೆ, ಅಲ್ಲಿಯ ದಾದಿಯನ್ನು ಕರೆದು ಇನ್ನೊಮ್ಮೆ ಹೇಳಿಸೋಣ.