ಎಡ ಸ್ಪೀಕರ್ ಮೂಕವಾಯಿತೇ?

1963ರಲ್ಲಿ ಫಿಲಿಪ್ಸ್ ಪರಿಚಯಿಸಿದ ಕ್ಯಾಸೆಟ್‌ನ ಟೇಪು 4 ಮಿ.ಮೀ.ಗಿಂತ ಕಿರಿದು. ಸ್ಟೀರಿಯೊ ಆದರೆ ಅದರಲ್ಲೇ ನಾಲ್ಕು ಪಥಗಳು: ಪ್ರತಿ ಬದಿಗೂ ಎಡ, ಬಲವೆಂದು ಎರಡು. ಅಜ್ಜಿಯ ಸೋಬಾನೆ ಪದವಿರುವ ಹಳೆಯ ಕ್ಯಾಸೆಟ್ ಹಾಕಿದಾಗ ಎಡ ಸ್ಪೀಕರ್ ಮೂಕವಾದರೆ ಗಾಬರಿ ಬೇಡ.

ಮೊದಲು ಕ್ಯಾಸೆಟ್‌ನ ಅಂಚಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ. ರೆಕಾರ್ಡ್ ಗುಂಡಿ ಒತ್ತಿ ಹಾಡು ಅಳಿಸಿಹೋಗುವ ಭಯವಿರದು. ಬಳಿಕ ಬೇರೆ ಕ್ಯಾಸೆಟ್ ಹಾಕಿ. ಅದು ಎರಡೂ ಕಡೆ ನುಡಿದರೆ ದೋಷ ಹಳೆಯ ಕ್ಯಾಸೆಟ್‌ನದು. ಇಲ್ಲವಾದರೆ ಸ್ವಿಚ್ ಆರಿಸಿ, ಡೆಕ್ಕಿನ ಹಿಂದಿನ ಎಡ-ಬಲ ಪ್ಲಗ್‌ಗಳನ್ನು ಅದಲುಬದಲು ಮಾಡಿ. ಮೌನ ಬಲಕ್ಕೆ ಸರಿದರೆ ದೋಷ ಡೆಕ್ಕಿನದು. ಎಡದಲ್ಲೇ ಉಳಿದರೆ ತಂತಿ, ಆಂಪ್ಲಿಫೈಯರ್ ಅಥವಾ ಸ್ಪೀಕರ್‌ನದು.

ಡೆಕ್ಕಿನ ಹೆಡ್ ಮೇಲೆ ಕೂತ ಕೊಳೆ ಒಂದು ಪಥವನ್ನೇ ಮುಚ್ಚಬಲ್ಲದು. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಪೆಟ್ಟಿಗೆ ಬಿಚ್ಚುವುದು ಮಾತ್ರ ಮೆಕ್ಯಾನಿಕ್‌ನ ಕೆಲಸ.

ಒಮ್ಮೆಗೆ ಒಂದೇ ಬದಲಾವಣೆ: ಪ್ರಯೋಗಶಾಲೆಯ ಈ ನಿಯಮ ಮನೆಯಲ್ಲೂ ಸಲ್ಲುತ್ತದೆ.